ಅಕ್ಷರವೂ ಮತದ ಹಕ್ಕೂ

ಒಂದು ಶಾಲೆ ನೂರು ವರ್ಷಗಳನ್ನು ಪೂರೈಸುವ ಹೊತ್ತಿಗೆ ಅದರ ಹಾಜರಿ ಪುಸ್ತಕಗಳಲ್ಲಿ ಮೂರು ನಾಲ್ಕು ತಲೆಮಾರುಗಳ ಹೆಸರುಗಳು ಸೇರಿರುತ್ತವೆ. ಅಜ್ಜ, ಮಗ, ಮೊಮ್ಮಗಳು ಹೀಗೆ ಒಂದೇ ಮನೆಯವರು ಒಂದೇ ಜಗಲಿಯಲ್ಲಿ ಕುಳಿತು ತಮ್ಮ ಹೆಸರನ್ನು ಕನ್ನಡದಲ್ಲಿ ಬರೆಯಲು ಕಲಿತಿರುತ್ತಾರೆ. ತನ್ನ ಹೆಸರನ್ನು ಬರೆಯಬಲ್ಲವನು ಜಮೀನಿನ ದಾಖಲೆಯಲ್ಲಿ, ಪಡಿತರ ಚೀಟಿಯಲ್ಲಿ, ಮತದಾರರ ಪಟ್ಟಿಯಲ್ಲಿ ಅದನ್ನು ಗುರುತಿಸಬಲ್ಲ; ತಪ್ಪಾಗಿದ್ದರೆ ತಿದ್ದಿಸಿಕೊಳ್ಳಬಲ್ಲ. ಆದುದರಿಂದಲೇ ನಮ್ಮ ಹಿರಿಯರು ಅಕ್ಷರವನ್ನು ಬಿಡುಗಡೆಯ ಸಾಧನವೆಂದು ನಂಬಿ, ಕೈಯಲ್ಲಿ ಹೆಚ್ಚು ಹಣವಿಲ್ಲದ ದಿನಗಳಲ್ಲಿಯೂ ಶಾಲೆಗಳನ್ನು ಕಟ್ಟಿದರು.

ಇದೇ ಅಕ್ಷರವನ್ನು ಪ್ರಜೆಗಳ ಮತದ ಹಕ್ಕನ್ನು ಕಿತ್ತುಕೊಳ್ಳುವ ಉಪಕರಣವಾಗಿ ಬಳಸಿದ ದೇಶವೂ ಒಂದುಂಟು. ಅಮೆರಿಕ ಸಂಯುಕ್ತ ಸಂಸ್ಥಾನದ ದಕ್ಷಿಣದ ರಾಜ್ಯಗಳಲ್ಲಿ ಸುಮಾರು ಮುಕ್ಕಾಲು ಶತಮಾನದ ಕಾಲ ನಡೆದ ಈ ಇತಿಹಾಸವನ್ನು ಗಡಿನಾಡಿನ ಕನ್ನಡ ಶಾಲೆಯ ಸ್ಮರಣ ಸಂಚಿಕೆಯಲ್ಲಿ ಏಕೆ ನೆನೆಯಬೇಕೆಂದು ಓದುಗರು ಕೇಳಬಹುದು. ಅದಕ್ಕೆ ಎರಡು ಕಾರಣಗಳಿವೆ. ಆ ಅನ್ಯಾಯದ ವಿರುದ್ಧ ನಡೆದ ಹೋರಾಟದಲ್ಲಿ ಶಾಲಾ ಅಧ್ಯಾಪಕರ ಪಾತ್ರ ಬಹು ದೊಡ್ಡದು. ಮತ್ತು ಹೋರಾಟದ ಫಲವಾಗಿ ಬಂದ ಕಾಯಿದೆಯಲ್ಲಿ, ಬಹುಸಂಖ್ಯಾತರ ಭಾಷೆಯಲ್ಲದ ಮಾಧ್ಯಮದಲ್ಲಿ ಓದಿದವರ ಕುರಿತು ಒಂದು ವಿಧಿಯಿದೆ. ಅದನ್ನು ಓದುವಾಗ ನಮ್ಮಂಥವರಿಗೆ ಅದು ಪರರ ಕಥೆಯೆನಿಸುವುದಿಲ್ಲ.

ಬಂದ ಹಕ್ಕು ಹೋದ ಬಗೆ

ಅಮೆರಿಕದ ಅಂತರ್ಯುದ್ಧವು 1865ರಲ್ಲಿ ಮುಗಿದು ಗುಲಾಮಗಿರಿ ರದ್ದಾಯಿತು. 1870ರಲ್ಲಿ ಅಲ್ಲಿನ ಸಂವಿಧಾನಕ್ಕೆ ಸೇರಿದ 15ನೆಯ ತಿದ್ದುಪಡಿಯು ಜನಾಂಗ, ವರ್ಣ ಅಥವಾ ಹಿಂದಿನ ಗುಲಾಮಗಿರಿಯ ಕಾರಣದಿಂದ ಯಾವ ಪ್ರಜೆಯ ಮತದ ಹಕ್ಕನ್ನೂ ನಿರಾಕರಿಸಬಾರದೆಂದು ವಿಧಿಸಿತು. ಆ ದಿನಗಳಲ್ಲಿ ಅದು ಪುರುಷರಿಗೆ ಮಾತ್ರ ದೊರೆತ ಹಕ್ಕು. ಆದರೂ ಅದರ ಪರಿಣಾಮ ಕೂಡಲೇ ಕಾಣಿಸಿತು. ಕಪ್ಪು ವರ್ಣೀಯರು ದೊಡ್ಡ ಸಂಖ್ಯೆಯಲ್ಲಿ ಮತ ಚಲಾಯಿಸಿದರು. ಅದೇ ವರ್ಷ ಮಿಸಿಸಿಪ್ಪಿ ರಾಜ್ಯದಿಂದ ಹಿರಾಮ್ ರೆವೆಲ್ಸ್ ಅವರು ರಾಷ್ಟ್ರದ ಸೆನೆಟ್ ಸಭೆಯನ್ನು ಪ್ರವೇಶಿಸಿದ ಮೊದಲ ಕಪ್ಪು ಸದಸ್ಯರಾದರು.

1877ರಲ್ಲಿ ಒಕ್ಕೂಟ ಸರ್ಕಾರವು ದಕ್ಷಿಣದಲ್ಲಿ ಇರಿಸಿದ್ದ ಸೈನ್ಯದ ರಕ್ಷಣೆಯನ್ನು ಹಿಂತೆಗೆಯಿತು. ಅಲ್ಲಿಂದ ಬೆದರಿಕೆ, ಹಿಂಸೆ, ಎಣಿಕೆಯ ಮೋಸಗಳು ಹೆಚ್ಚಿದವು. ಕ್ರಮೇಣ ಈ ಬಹಿರಂಗ ದೌರ್ಜನ್ಯದ ಸ್ಥಾನವನ್ನು ಕಾನೂನಿನ ಭಾಷೆ ಆಕ್ರಮಿಸಿತು. 1890ರಲ್ಲಿ ಮಿಸಿಸಿಪ್ಪಿ ಹೊಸ ರಾಜ್ಯ ಸಂವಿಧಾನವನ್ನು ರಚಿಸಿಕೊಂಡಿತು. ಮತದಾರನಾಗಲು ಎರಡು ಡಾಲರ್ ತಲೆಗಂದಾಯ ಕಟ್ಟಬೇಕು. ಸಂವಿಧಾನದ ಯಾವುದಾದರೊಂದು ಭಾಗವನ್ನು ಓದಬೇಕು, ಇಲ್ಲವೇ ಓದಿ ಹೇಳಿದಾಗ ಅರ್ಥಮಾಡಿಕೊಂಡು ಸಮಂಜಸವಾದ ವಿವರಣೆ ಕೊಡಬೇಕು ಎಂಬ ನಿಯಮಗಳು ಅದರಲ್ಲಿದ್ದವು. ಈ ನಿಯಮಗಳಲ್ಲಿ ವರ್ಣದ ಹೆಸರೇ ಇರಲಿಲ್ಲ. ಆದರೆ ಗುಲಾಮಗಿರಿಯ ಕಾಲದಲ್ಲಿ ದಕ್ಷಿಣದ ಹಲವು ರಾಜ್ಯಗಳು ಗುಲಾಮರಿಗೆ ಓದು ಕಲಿಸುವುದನ್ನೇ ಅಪರಾಧವೆಂದು ಸಾರಿದ್ದವು. ತಾವೇ ಅಕ್ಷರದಿಂದ ದೂರವಿಟ್ಟ ಜನರನ್ನು ಅಕ್ಷರ ಬಾರದವರೆಂಬ ಕಾರಣಕ್ಕೆ ಮತಗಟ್ಟೆಯಿಂದಲೂ ದೂರವಿಡುವ ಉಪಾಯವಿದು.

ಇತರ ರಾಜ್ಯಗಳು ಇದೇ ಮಾರ್ಗವನ್ನು ಹಿಡಿದವು. ಅಕ್ಷರ ಬಾರದ ಬಡ ಬಿಳಿಯರೂ ಈ ಬಲೆಗೆ ಸಿಲುಕಬಾರದೆಂದು ಲೂಯಿಸಿಯಾನಾ ರಾಜ್ಯವು 1898ರಲ್ಲಿ ಇನ್ನೊಂದು ವಿಧಿಯನ್ನು ಸೇರಿಸಿತು: 1867ರ ಜನವರಿ 1ರಂದು ಯಾರ ತಂದೆಗೆ ಅಥವಾ ಅಜ್ಜನಿಗೆ ಮತದ ಹಕ್ಕಿತ್ತೋ ಅವರಿಗೆ ಪರೀಕ್ಷೆಯಿಂದ ವಿನಾಯಿತಿ. ಆ ದಿನ ಕಪ್ಪು ವರ್ಣೀಯರಿಗೆ ಅಲ್ಲಿ ಮತದ ಹಕ್ಕು ಇರಲಿಲ್ಲವಾದ್ದರಿಂದ ವಿನಾಯಿತಿ ಯಾರಿಗೆಂಬುದು ಸ್ಪಷ್ಟವಾಗಿತ್ತು. 1896ರಲ್ಲಿ ಆ ರಾಜ್ಯದ ಪಟ್ಟಿಯಲ್ಲಿದ್ದ ಕಪ್ಪು ಮತದಾರರು 1,30,334. 1904ರ ವೇಳೆಗೆ ಉಳಿದವರು 1,342 ಮಂದಿ ಮಾತ್ರ.

ಪರೀಕ್ಷಕನ ಕೈಯಲ್ಲಿದ್ದ ಫಲಿತಾಂಶ

ಈ ಪರೀಕ್ಷೆಯಲ್ಲಿ ಪ್ರಶ್ನೆಯನ್ನು ಆರಿಸುವವನೂ ಉತ್ತರವನ್ನು ಅಳೆಯುವವನೂ ಒಬ್ಬನೇ ನೋಂದಣಾಧಿಕಾರಿ. ಬಿಳಿಯ ಅರ್ಜಿದಾರನಿಗೆ ಒಂದು ಸಾಲಿನ ಸರಳ ವಾಕ್ಯ, ಕಪ್ಪು ಅರ್ಜಿದಾರನಿಗೆ ಕಾನೂನು ಪಂಡಿತರೂ ತಡವರಿಸುವ ದೀರ್ಘ ವಿಧಿ. ಅರ್ಜಿಯಲ್ಲಿ ಒಂದು ಕಾಗುಣಿತ ತಪ್ಪಿದರೂ ತಿರಸ್ಕಾರ. ಹೀಗಾಗಿ ವಿದ್ಯೆ ಕಲಿತವರಿಗೂ ರಕ್ಷಣೆಯಿರಲಿಲ್ಲ. ಕಾಲೇಜಿನಲ್ಲಿ ಓದಿದ ಕಪ್ಪು ಅಧ್ಯಾಪಕರು ಅನುತ್ತೀರ್ಣರಾಗುತ್ತಿದ್ದರು. ಹೆಚ್ಚು ಓದಿಲ್ಲದ ಬಿಳಿಯರು ಉತ್ತೀರ್ಣರಾಗುತ್ತಿದ್ದರು.

ಅಲಬಾಮಾ ರಾಜ್ಯದ ಟಸ್ಕೀಗಿ ಪಟ್ಟಣದಲ್ಲಿ ಒಂದು ಪ್ರಸಿದ್ಧ ವಿದ್ಯಾಸಂಸ್ಥೆಯಿದ್ದುದರಿಂದ ಅಲ್ಲಿ ವಿದ್ಯಾವಂತ ಕಪ್ಪು ಜನರು ಹೆಚ್ಚಾಗಿದ್ದರು. ಅಡೆತಡೆಗಳನ್ನು ದಾಟಿ ಸುಮಾರು 400 ಮಂದಿ ಪಟ್ಟಿ ಸೇರಿದ್ದರು. 1957ರಲ್ಲಿ ರಾಜ್ಯದ ಶಾಸನಸಭೆಯು ಚೌಕಾಕಾರವಾಗಿದ್ದ ಪಟ್ಟಣದ ಗಡಿಯನ್ನು 28 ಬದಿಗಳ ವಿಚಿತ್ರ ಆಕೃತಿಯಾಗಿ ಬದಲಿಸಿತು. ಪರಿಣಾಮವಾಗಿ ನಾಲ್ಕೈದು ಮಂದಿಯ ಹೊರತು ಉಳಿದೆಲ್ಲ ಕಪ್ಪು ಮತದಾರರೂ ಮನೆ ಬಿಟ್ಟು ಕದಲದೆಯೇ ಪಟ್ಟಣದ ಹೊರಗಿನವರಾದರು. ಆ ಸಂಸ್ಥೆಯ ಪ್ರಾಧ್ಯಾಪಕ ಚಾರ್ಲ್ಸ್ ಗೊಮಿಲಿಯನ್ ನ್ಯಾಯಾಲಯದ ಮೊರೆಹೊಕ್ಕರು. 1960ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅವರ ಪರವಾಗಿ ತೀರ್ಪು ನೀಡಿತು. ಗಡಿರೇಖೆ ಕದಲಿದಾಗ ಮನುಷ್ಯನ ಸ್ಥಾನ ಹೇಗೆ ಬದಲಾಗುತ್ತದೆ ಎಂಬುದನ್ನು ಗಡಿನಾಡಿನವರಿಗೆ ವಿವರಿಸಬೇಕಾಗಿಲ್ಲ.

ಇಂಥ ಗೆಲುವುಗಳಿಗೆ ವರ್ಷಗಳೇ ಹಿಡಿಯುತ್ತಿದ್ದವು. ಅಜ್ಜನ ಹಕ್ಕಿನ ವಿನಾಯಿತಿಯನ್ನು ನ್ಯಾಯಾಲಯವು 1915ರಲ್ಲಿ ಅಸಿಂಧುವೆಂದಿತು. ಬಿಳಿಯರಿಗೆ ಮಾತ್ರ ಮೀಸಲಾಗಿದ್ದ ಪಕ್ಷದೊಳಗಿನ ಪ್ರಾಥಮಿಕ ಚುನಾವಣೆಯನ್ನು 1944ರಲ್ಲಿ ನಿಷೇಧಿಸಿತು. ಆದರೆ ಅಕ್ಷರಜ್ಞಾನದ ಪರೀಕ್ಷೆಯು ತನ್ನಷ್ಟಕ್ಕೆ ಸಂವಿಧಾನಬಾಹಿರವಲ್ಲವೆಂದು 1959ರಲ್ಲಿಯೂ ಅದೇ ನ್ಯಾಯಾಲಯ ಹೇಳಿತು. ಒಂದು ಉಪಾಯ ರದ್ದಾದರೆ ಇನ್ನೊಂದು ಸಿದ್ಧವಾಗಿರುತ್ತಿತ್ತು. ತೀರ್ಪು ಬರುವಷ್ಟರಲ್ಲಿ ಚುನಾವಣೆ ಮುಗಿದಿರುತ್ತಿತ್ತು. ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದಂತೆ.

ದ್ವೀಪದ ರಾತ್ರಿ ಶಾಲೆ

ಸೌತ್ ಕೆರೊಲೈನಾದ ಕರಾವಳಿಯಲ್ಲಿ ಜಾನ್ಸ್ ಐಲೆಂಡ್ ಎಂಬ ದ್ವೀಪವಿದೆ. ಅಲ್ಲಿನ ಕಪ್ಪು ರೈತರನ್ನೂ ಕೂಲಿಕಾರರನ್ನೂ ಚಾರ್ಲ್ಸ್ಟನ್ ನಗರಕ್ಕೆ ಕೆಲಸಕ್ಕೆ ಕರೆದೊಯ್ಯುತ್ತಿದ್ದ ಬಸ್ಸಿನ ಒಡೆಯ ಈಸಾ ಜೆಂಕಿನ್ಸ್. ಅವರ ಬಸ್ಸಿನ ಪ್ರಯಾಣಿಕ ಮಹಿಳೆಯೊಬ್ಬರು, ತಮಗೆ ಓದು ಕಲಿಸಿದರೆ ಮತದಾರರ ಪಟ್ಟಿಗೆ ಸೇರುವೆನೆಂದು ಕೇಳಿಕೊಂಡರು. ಜೆಂಕಿನ್ಸ್ ಪ್ರಯಾಣದ ವೇಳೆಯಲ್ಲಿಯೇ ರಾಜ್ಯ ಸಂವಿಧಾನದ ವಿಧಿಗಳನ್ನು ಕಲಿಸತೊಡಗಿದರು. ಆದರೆ ಬಾಯಿಪಾಠದಿಂದ ಓದು ಬರುವುದಿಲ್ಲ. ಅದಕ್ಕೆ ಶಾಲೆಯೇ ಬೇಕಿತ್ತು.

ಆ ಶಾಲೆಯ ರೂಪುರೇಷೆಯನ್ನು ಕೊಟ್ಟವರು ಸೆಪ್ಟಿಮಾ ಕ್ಲಾರ್ಕ್. ಎಳೆಯ ವಯಸ್ಸಿನಲ್ಲಿ ಇದೇ ದ್ವೀಪದಲ್ಲಿ ಅಧ್ಯಾಪಕಿಯಾಗಿ ವೃತ್ತಿ ಆರಂಭಿಸಿದ್ದ ಅವರು ಸುಮಾರು ನಾಲ್ಕು ದಶಕಗಳ ಕಾಲ ಪಾಠ ಹೇಳಿದವರು. ಕಪ್ಪು ಜನರ ಹಕ್ಕುಗಳ ರಾಷ್ಟ್ರೀಯ ಸಂಘದ ಸದಸ್ಯತ್ವವನ್ನು ಬಿಡಲು ಒಪ್ಪದ ಕಾರಣ 1956ರಲ್ಲಿ ಅವರು ಕೆಲಸವನ್ನೂ ನಿವೃತ್ತಿ ವೇತನವನ್ನೂ ಕಳೆದುಕೊಂಡರು. ಟೆನೆಸ್ಸೀ ರಾಜ್ಯದ ಹೈಲ್ಯಾಂಡರ್ ಜನಪದ ಶಾಲೆಯ ನೆರವಿನಿಂದ ದ್ವೀಪದಲ್ಲೊಂದು ಕಟ್ಟಡ ದೊರೆಯಿತು. ಮುಂಭಾಗದಲ್ಲಿ ಸಹಕಾರಿ ಅಂಗಡಿ, ಹಿಂದಿನ ಕೋಣೆಗಳಲ್ಲಿ ತರಗತಿ. ಹೊರಗಿನವರ ಕಣ್ಣಿಗೆ ಅದು ಅಂಗಡಿಯಾಗಿಯೇ ಕಾಣಬೇಕಿತ್ತು.

1957ರ ಜನವರಿಯಲ್ಲಿ 14 ಮಂದಿ ವಯಸ್ಕರೊಂದಿಗೆ ತರಗತಿ ಆರಂಭವಾಯಿತು. ಕಲಿಸಲು ಬಂದವರು ಕ್ಲಾರ್ಕ್ ಅವರ ಸಂಬಂಧಿ ಬರ್ನೀಸ್ ರಾಬಿನ್ಸನ್. ವೃತ್ತಿಯಿಂದ ಕೇಶಾಲಂಕಾರ ಮಾಡುವವರು. ಮಕ್ಕಳ ಪಠ್ಯಪುಸ್ತಕ ದೊಡ್ಡವರ ಮನಸ್ಸಿಗೆ ಹಿಡಿಸದೆಂದು ಅರಿತು, ನಿಮಗೆ ಏನನ್ನು ಕಲಿಯಬೇಕೆಂದಿದೆಯೆಂದು ಅವರು ಮೊದಲು ವಿದ್ಯಾರ್ಥಿಗಳನ್ನೇ ಕೇಳಿದರು. ಹೆಸರು ಬರೆಯುವುದು, ಅಂಚೆಯ ಮೂಲಕ ಸಾಮಾನು ತರಿಸುವ ಅರ್ಜಿ ತುಂಬುವುದು, ಪತ್ರಿಕೆ ಓದುವುದು, ಕೊನೆಗೆ ಮತದಾರರ ನೋಂದಣಿ ಅರ್ಜಿ, ಹೀಗೆ ಪಾಠಕ್ರಮ ತಾನಾಗಿ ರೂಪುಗೊಂಡಿತು. ‘ಪೌರತ್ವ ಶಾಲೆ’ಗಳೆಂದು ಹೆಸರಾದ ಈ ತರಗತಿಗಳು ನೆರೆಯ ದ್ವೀಪಗಳಿಗೆ ಹಬ್ಬಿದವು. 1961ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರ ಸಂಘಟನೆಯು ಅವುಗಳ ಹೊಣೆಯನ್ನು ವಹಿಸಿಕೊಂಡಿತು. ದಕ್ಷಿಣದ ಹಳ್ಳಿ ಹಳ್ಳಿಗಳಲ್ಲಿ ಹೋರಾಟಕ್ಕೆ ನಿಂತ ಅನೇಕ ಸಾಮಾನ್ಯ ಜನರು ಸಿದ್ಧರಾದುದು ಇಂಥ ಕೋಣೆಗಳಲ್ಲಿ.

ಸೆಲ್ಮಾದ ಅಧ್ಯಾಪಕರು

ಶಾಲೆಯೊಂದೇ ಸಾಲದಾಯಿತು. ಪರೀಕ್ಷಕನೇ ಅಪ್ರಾಮಾಣಿಕನಾದಾಗ ಎಷ್ಟು ಕಲಿತರೂ ಅಷ್ಟೆ. ಅಲಬಾಮಾದ ಸೆಲ್ಮಾ ಪಟ್ಟಣವಿರುವ ಡಲ್ಲಾಸ್ ಕೌಂಟಿಯಲ್ಲಿ ಮತದಾನದ ವಯಸ್ಸಿನ ಕಪ್ಪು ಜನರು ಸುಮಾರು 15,000. 1965ರ ಆರಂಭದಲ್ಲಿ ಪಟ್ಟಿಯಲ್ಲಿದ್ದವರು ಸುಮಾರು 300. ನೋಂದಣಿ ಕಚೇರಿ ತೆರೆಯುತ್ತಿದ್ದುದು ತಿಂಗಳಿಗೆ ಎರಡು ದಿನ.

ಆ ವರ್ಷದ ಜನವರಿ 22ರಂದು ಅಲ್ಲಿನ ನೂರಕ್ಕೂ ಹೆಚ್ಚು ಕಪ್ಪು ಅಧ್ಯಾಪಕರು, ಸಹೋದ್ಯೋಗಿ ಫ್ರೆಡರಿಕ್ ರೀಸ್ ಅವರ ಮುಂದಾಳತ್ವದಲ್ಲಿ, ಶಾಲೆ ಮುಗಿದ ಮೇಲೆ ನ್ಯಾಯಾಲಯದ ಕಟ್ಟಡಕ್ಕೆ ಸಾಲಾಗಿ ನಡೆದುಹೋದರು. ಅವರ ಸಂಬಳ ಬಿಳಿಯರ ಶಿಕ್ಷಣ ಮಂಡಳಿಯ ಕೈಯಲ್ಲಿತ್ತು. ಕೆಲಸ ಹೋದರೆ ಸಂಸಾರ ಬೀದಿಗೆ ಬರುತ್ತಿತ್ತು. ಸೆರೆಮನೆಗೂ ಸಿದ್ಧರೆಂದು ಸೂಚಿಸಲು ಕೆಲವರು ಹಲ್ಲುಜ್ಜುವ ಬ್ರಷ್ಷನ್ನು ಜೊತೆಗೆ ತಂದಿದ್ದರು. ಷೆರಿಫನ ಸಿಬ್ಬಂದಿ ಅವರನ್ನು ಮೆಟ್ಟಿಲುಗಳಿಂದ ಕೆಳಕ್ಕೆ ತಳ್ಳಿದರು. ಅವರು ಮತ್ತೆ ಹತ್ತಿದರು. ಅದುವರೆಗೆ ಹಿಂಜರಿದಿದ್ದ ಊರಿನ ಇತರರು ತಮ್ಮ ಮಕ್ಕಳ ಗುರುಗಳು ಬೀದಿಗಿಳಿದುದನ್ನು ಕಂಡು ತಾವೂ ಹೊರಟರು.

ಮುಂದಿನ ಘಟನೆಗಳು ಜಗತ್ತಿಗೆ ತಿಳಿದಿವೆ. ಮಾರ್ಚ್ 7ರ ಭಾನುವಾರ ಸೆಲ್ಮಾದ ಎಡ್ಮಂಡ್ ಪೆಟ್ಟಸ್ ಸೇತುವೆಯನ್ನು ದಾಟಿ ರಾಜಧಾನಿ ಮಾಂಟ್‌ಗೊಮರಿಯತ್ತ ಹೊರಟ ಸುಮಾರು 600 ಮಂದಿಯ ಮೇಲೆ ಪೊಲೀಸರು ಲಾಠಿ, ಅಶ್ರುವಾಯುಗಳಿಂದ ಆಕ್ರಮಣ ಮಾಡಿದರು. ಮುಂದಿನ ಸಾಲಿನಲ್ಲಿದ್ದ ಯುವಕ ಜಾನ್ ಲೂಯಿಸ್ ಅವರ ತಲೆಗೆ ತೀವ್ರ ಪೆಟ್ಟಾಯಿತು. ಆ ದೃಶ್ಯವನ್ನು ದೇಶವೆಲ್ಲ ದೂರದರ್ಶನದಲ್ಲಿ ಕಂಡಿತು. ಎಂಟು ದಿನಗಳ ಬಳಿಕ ಅಧ್ಯಕ್ಷ ಲಿಂಡನ್ ಜಾನ್ಸನ್ ಹೊಸ ಕಾಯಿದೆಗಾಗಿ ಸಂಸತ್ತಿನ ಮುಂದೆ ನಿಂತರು. ಆಗಸ್ಟ್ 6ರಂದು ಮತದಾನ ಹಕ್ಕುಗಳ ಕಾಯಿದೆಗೆ ಸಹಿ ಬಿತ್ತು.

ಕಾಯಿದೆ ಕೆಲಸ ಮಾಡಿದ ರೀತಿ

ಸಂವಿಧಾನದ ಮಾತು 95 ವರ್ಷ ಕಾಗದದಲ್ಲಿ ಉಳಿದುದೇಕೆ, ಈ ಕಾಯಿದೆ ಕೆಲವೇ ತಿಂಗಳುಗಳಲ್ಲಿ ಫಲ ಕೊಟ್ಟುದೇಕೆ ಎಂಬುದನ್ನು ತಿಳಿಯುವುದು ಮುಖ್ಯ. 1964ರ ನವೆಂಬರ್ 1ರಂದು ಪರೀಕ್ಷೆಗಳನ್ನು ಜಾರಿಯಲ್ಲಿರಿಸಿಕೊಂಡಿದ್ದು, ಆಗ ವಯಸ್ಕರಲ್ಲಿ ಅರ್ಧಕ್ಕಿಂತ ಕಡಿಮೆ ಜನರು ಪಟ್ಟಿಯಲ್ಲಿದ್ದ ಅಥವಾ ಆ ವರ್ಷದ ಅಧ್ಯಕ್ಷೀಯ ಚುನಾವಣೆಯಲ್ಲಿ ಅರ್ಧಕ್ಕಿಂತ ಕಡಿಮೆ ಜನರು ಮತ ಚಲಾಯಿಸಿದ ಪ್ರದೇಶಗಳನ್ನು ಕಾಯಿದೆ ಗುರುತಿಸಿತು. ಅಲ್ಲಿ ಅಕ್ಷರಜ್ಞಾನದ ಪರೀಕ್ಷೆ ಕೂಡಲೇ ನಿಂತಿತು. ಸ್ಥಳೀಯ ಅಧಿಕಾರಿ ಒಪ್ಪದಿದ್ದಲ್ಲಿ ಒಕ್ಕೂಟ ಸರ್ಕಾರದ ಪರೀಕ್ಷಕರೇ ಬಂದು ಹೆಸರುಗಳನ್ನು ಬರೆದುಕೊಂಡರು. ಎಲ್ಲಕ್ಕಿಂತ ಮುಖ್ಯವಾಗಿ, ಅಂಥ ಪ್ರದೇಶಗಳು ಮತದಾನದ ಯಾವ ನಿಯಮವನ್ನು ಬದಲಿಸಬೇಕಾದರೂ ಅದರಿಂದ ತಾರತಮ್ಯವಾಗದೆಂದು ಮುಂಚಿತವಾಗಿ ರುಜುವಾತುಪಡಿಸಿ ಅನುಮತಿ ಪಡೆಯಬೇಕಾಯಿತು. ಅನ್ಯಾಯಕ್ಕೊಳಗಾದವನ ಹೆಗಲ ಮೇಲಿದ್ದ ರುಜುವಾತಿನ ಹೊರೆ ನಿಯಮ ಮಾಡುವವರ ಹೆಗಲಿಗೆ ಬಂತು. ಕೋಟೆಯ ಬಾಗಿಲನ್ನು ಮೊದಲೇ ಹಾಕುವ ವ್ಯವಸ್ಥೆಯಿದು. ಮಿಸಿಸಿಪ್ಪಿಯಲ್ಲಿ ಶೇಕಡಾ 6.7ರಷ್ಟಿದ್ದ ಕಪ್ಪು ವಯಸ್ಕರ ನೋಂದಣಿ 1967ರ ವೇಳೆಗೆ ಶೇಕಡಾ 59.8ಕ್ಕೆ ಏರಿತು.

ಈ ಪೂರ್ವಾನುಮತಿಯ ವ್ಯವಸ್ಥೆ ಈಗ ಮೊದಲಿನ ಬಲದಲ್ಲಿ ಉಳಿದಿಲ್ಲ. 2013ರಲ್ಲಿ ಸರ್ವೋಚ್ಚ ನ್ಯಾಯಾಲಯವು ಪ್ರದೇಶಗಳನ್ನು ಗುರುತಿಸುವ ಸೂತ್ರ ಹಳೆಯದಾಯಿತೆಂದು ಐದಕ್ಕೆ ನಾಲ್ಕರ ಬಹುಮತದಿಂದ ಅದನ್ನು ತೆಗೆದುಹಾಕಿತು. ಭಿನ್ನಮತ ಬರೆದ ನ್ಯಾಯಮೂರ್ತಿ ರೂತ್ ಬೇಡರ್ ಗಿನ್ಸ್‌ಬರ್ಗ್ ಅವರು ಇದನ್ನು, ಮಳೆಯಲ್ಲಿ ತಾನು ನೆನೆಯುತ್ತಿಲ್ಲವೆಂಬ ಕಾರಣಕ್ಕೆ ಕೊಡೆಯನ್ನೇ ಎಸೆಯುವುದಕ್ಕೆ ಹೋಲಿಸಿದರು. ಗಳಿಸಿದ ಹಕ್ಕನ್ನು ಪ್ರತಿ ತಲೆಮಾರೂ ಕಾಯಬೇಕೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಮಾಧ್ಯಮದ ಪ್ರಶ್ನೆ

ಆರಂಭದಲ್ಲಿ ಹೇಳಿದ ವಿಧಿಯ ವಿಚಾರಕ್ಕೆ ಈಗ ಬರೋಣ. ಕೆರಿಬಿಯನ್ ಸಮುದ್ರದ ಪೋರ್ಟೊರಿಕೊ ದ್ವೀಪದ ಜನರು 1917ರಿಂದ ಅಮೆರಿಕದ ಪ್ರಜೆಗಳು. ಅವರ ಭಾಷೆ ಸ್ಪ್ಯಾನಿಷ್. ಅಲ್ಲಿನ ಶಾಲೆಗಳ ಮಾಧ್ಯಮವೂ ಮುಖ್ಯವಾಗಿ ಅದೇ. ಅವರಲ್ಲಿ ಅನೇಕರು ನ್ಯೂಯಾರ್ಕಿಗೆ ಬಂದು ನೆಲೆಸಿದರು. ಆ ರಾಜ್ಯದಲ್ಲಿ ಮತದಾರರಾಗಲು ಇಂಗ್ಲಿಷಿನಲ್ಲಿ ಓದಲು ಬರೆಯಲು ಬರಬೇಕಿತ್ತು. ತನ್ನ ಭಾಷೆಯಲ್ಲಿ ಪತ್ರಿಕೆ ಓದುವ, ಲೆಕ್ಕ ಬರೆಯುವ, ದೇಶದ ಆಗುಹೋಗುಗಳನ್ನು ಬಲ್ಲ ಮನುಷ್ಯನೂ ಆ ಕಚೇರಿಯ ಲೆಕ್ಕದಲ್ಲಿ ನಿರಕ್ಷರಿಯಾಗಿದ್ದ.

1965ರ ಕಾಯಿದೆಯಲ್ಲಿ, ನ್ಯೂಯಾರ್ಕಿನ ಸೆನೆಟರುಗಳಾದ ರಾಬರ್ಟ್ ಕೆನಡಿ ಮತ್ತು ಜೇಕಬ್ ಜಾವಿಟ್ಸ್ ಅವರ ಪ್ರಯತ್ನದಿಂದ, ಒಂದು ವಿಧಿ ಸೇರಿತು. ಇಂಗ್ಲಿಷೇತರ ಭಾಷೆ ಮುಖ್ಯ ಮಾಧ್ಯಮವಾಗಿದ್ದ ಅಮೆರಿಕದ ಶಾಲೆಯೊಂದರಲ್ಲಿ ಆರನೆಯ ತರಗತಿಯನ್ನು ಮುಗಿಸಿದವರಿಗೆ ಇಂಗ್ಲಿಷ್ ಬಾರದೆಂಬ ಕಾರಣದಿಂದ ಮತದ ಹಕ್ಕನ್ನು ನಿರಾಕರಿಸಕೂಡದು ಎಂಬುದು ಅದರ ತಾತ್ಪರ್ಯ. 1966ರಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನು ಎತ್ತಿಹಿಡಿಯಿತು. ತಾಯ್ನುಡಿಯಲ್ಲಿ ಪಡೆದ ವಿದ್ಯೆಯೂ ವಿದ್ಯೆಯೇ ಎಂಬ ಮಾತಿಗೆ ಹೀಗೆ ಕಾನೂನಿನ ಮುದ್ರೆ ಬಿದ್ದಿತು.

1975ರಲ್ಲಿ ದೇಶದಾದ್ಯಂತ ಅಕ್ಷರಜ್ಞಾನದ ಪರೀಕ್ಷೆಯು ಶಾಶ್ವತವಾಗಿ ನಿಷಿದ್ಧವಾಯಿತು. ಅದೇ ತಿದ್ದುಪಡಿಯು ಭಾಷಾ ಅಲ್ಪಸಂಖ್ಯಾತರನ್ನೂ ರಕ್ಷಣೆಯ ವ್ಯಾಪ್ತಿಗೆ ತಂದಿತು. ಇಂಗ್ಲಿಷಿನಲ್ಲಿ ಸಾಕಷ್ಟು ಪರಿಣತಿಯಿಲ್ಲದ ಭಾಷಾ ಸಮುದಾಯವು ಒಂದು ಪ್ರದೇಶದ ಮತದಾರರ ವಯಸ್ಸಿನ ಪ್ರಜೆಗಳಲ್ಲಿ ಗೊತ್ತುಪಡಿಸಿದ ಪ್ರಮಾಣವನ್ನು ಮೀರಿದರೆ ಮತಪತ್ರ, ಸೂಚನೆ, ಸಹಾಯ ಎಲ್ಲವೂ ಆ ಭಾಷೆಯಲ್ಲಿಯೂ ದೊರೆಯಬೇಕು. ಆ ಪ್ರಮಾಣ ಶೇಕಡಾ 5. 1992ರಿಂದ 10,000 ಮಂದಿಯೆಂಬ ಇನ್ನೊಂದು ಅಳತೆಯೂ ಸೇರಿತು. 2011ರ ನಿರ್ಣಯದಲ್ಲಿ ಭಾರತೀಯ ಮೂಲದವರೂ ಈ ವ್ಯಾಪ್ತಿಗೆ ಬಂದುದರಿಂದ ನ್ಯೂಯಾರ್ಕಿನ ಕ್ವೀನ್ಸ್ ಪ್ರದೇಶದ ಮತಪತ್ರದಲ್ಲಿ ಬಂಗಾಳಿ ಲಿಪಿ ಕಾಣಿಸಿಕೊಂಡಿತು. 2013ರ ತೀರ್ಪು ಈ ಭಾಷಾ ವಿಧಿಯನ್ನು ಮುಟ್ಟಲಿಲ್ಲ.

ನಮ್ಮ ನೆಲದಲ್ಲಿ

ಶತಮಾನದ ಹಿಂದೆ ಕಾಸರಗೋಡು ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಅಂದು ಮತದ ಹಕ್ಕು ಆಸ್ತಿವಂತರದು, ತೆರಿಗೆ ಕಟ್ಟುವವರದು. 1935ರ ಕಾಯಿದೆಯ ಅಡಿಯಲ್ಲಿಯೂ ಆಸ್ತಿ, ತೆರಿಗೆ, ವಿದ್ಯಾರ್ಹತೆಗಳ ಜರಡಿಯಿತ್ತು. ಸ್ವತಂತ್ರ ಭಾರತದ ಸಂವಿಧಾನವು ಆ ಜರಡಿಯನ್ನು ಬದಿಗಿರಿಸಿತು. 326ನೆಯ ವಿಧಿ ಪ್ರತಿಯೊಬ್ಬ ವಯಸ್ಕನಿಗೂ ಮತವನ್ನು ಕೊಟ್ಟಿತು. ಧರ್ಮ, ಜನಾಂಗ, ಜಾತಿ, ಲಿಂಗಗಳ ಕಾರಣದಿಂದ ಯಾರನ್ನೂ ಪಟ್ಟಿಯಿಂದ ಹೊರಗಿಡಬಾರದೆಂದು 325ನೆಯ ವಿಧಿ ಸಾರಿತು. 1951ರ ಜನಗಣತಿಯ ಪ್ರಕಾರ ದೇಶದ ಸಾಕ್ಷರತೆ ಶೇಕಡಾ 18ರಷ್ಟಿದ್ದಾಗ ಈ ನಿರ್ಧಾರವನ್ನು ಕೈಗೊಂಡುದು ಸಾಮಾನ್ಯ ಧೈರ್ಯವಲ್ಲ. ಮೊದಲ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಅವರು ಓದು ಬಾರದವರಿಗಾಗಿ ಪ್ರತಿ ಅಭ್ಯರ್ಥಿಗೂ ಒಂದು ಚಿಹ್ನೆ, ಒಂದು ಪ್ರತ್ಯೇಕ ಪೆಟ್ಟಿಗೆ ಎಂಬ ವ್ಯವಸ್ಥೆ ಮಾಡಿದರು. ಅಲಬಾಮಾದ ಕಾಲೇಜು ಅಧ್ಯಾಪಕರು ಪರೀಕ್ಷೆಯಲ್ಲಿ ಅನುತ್ತೀರ್ಣರಾಗುತ್ತಿದ್ದ ಕಾಲದಲ್ಲಿ ನಮ್ಮ ಹಳ್ಳಿಯ ನಿರಕ್ಷರಿ ಅಜ್ಜಿ ಚಿಹ್ನೆ ನೋಡಿ ಮತ ಹಾಕಿದಳು.

ಆದರೆ ಹೆಸರಿಲ್ಲದೆ ಹಕ್ಕಿಲ್ಲ ಎಂಬುದೂ ಅದೇ ಚುನಾವಣೆಯಲ್ಲಿ ತಿಳಿಯಿತು. ಸ್ವಂತ ಹೆಸರು ಹೇಳದೆ ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಬರೆಸಿದ್ದ ಸುಮಾರು 28 ಲಕ್ಷ ಸ್ತ್ರೀಯರು ಪಟ್ಟಿಯಿಂದ ಹೊರಗುಳಿದರು. ಹೆಣ್ಣುಮಕ್ಕಳಿಗೆ ತಮ್ಮ ಹೆಸರು ಬರೆಯಲು ಕಲಿಸಿದ ಶಾಲೆಗಳ ಬೆಲೆ ಏನೆಂಬುದು ಈ ಒಂದು ಸಂಖ್ಯೆಯಿಂದ ತಿಳಿಯುತ್ತದೆ.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಕನ್ನಡಿಗರು ಭಾಷಾ ಅಲ್ಪಸಂಖ್ಯಾತರಾದರು. ನಮ್ಮ ಮತದ ಹಕ್ಕಿಗೆ ಅದರಿಂದ ಕುಂದು ಬರಲಿಲ್ಲ. ಹಕ್ಕನ್ನು ಚಲಾಯಿಸುವ ಭಾಷೆಯ ಪ್ರಶ್ನೆ ಮಾತ್ರ ಎದುರಾಯಿತು. ಕಾನೂನಿನಲ್ಲಿ ಇದಕ್ಕೆ ದಾರಿಯಿದೆ. 1960ರ ಮತದಾರರ ನೋಂದಣಿ ನಿಯಮಗಳೂ 1961ರ ಚುನಾವಣಾ ನಿರ್ವಹಣಾ ನಿಯಮಗಳೂ ಪಟ್ಟಿಯನ್ನು ಮತ್ತು ಮತಪತ್ರವನ್ನು ಚುನಾವಣಾ ಆಯೋಗ ಸೂಚಿಸಿದ ಭಾಷೆ ಅಥವಾ ಭಾಷೆಗಳಲ್ಲಿ ಸಿದ್ಧಪಡಿಸಬೇಕೆನ್ನುತ್ತವೆ. ‘ಭಾಷೆಗಳಲ್ಲಿ’ ಎಂಬ ಆ ಬಹುವಚನದಲ್ಲಿಯೇ ನಮ್ಮ ಸ್ಥಾನವಿದೆ. ಸಂವಿಧಾನದ 350-ಬಿ ವಿಧಿಯು ಭಾಷಾ ಅಲ್ಪಸಂಖ್ಯಾತರಿಗಾಗಿ ಪ್ರತ್ಯೇಕ ಅಧಿಕಾರಿಯನ್ನು ಒದಗಿಸಿದೆ.

ಹಕ್ಕು ಕಾನೂನಿನಲ್ಲಿದ್ದರೆ ಸಾಲದು, ಅದನ್ನು ಬಳಸುವವರೂ ಇರಬೇಕು. ಒಂದು ಹೆಸರು ಒಂದು ಲಿಪಿಯಿಂದ ಇನ್ನೊಂದಕ್ಕೆ ದಾಟುವಾಗ ಒಂದು ದೀರ್ಘ, ಒಂದು ಒತ್ತಕ್ಷರ ತಪ್ಪಿದರೂ ಗುರುತಿನ ಚೀಟಿಗೂ ಪಟ್ಟಿಗೂ ಹೊಂದಾಣಿಕೆ ತಪ್ಪಬಹುದು. ಅದನ್ನು ನೋಡಿ ತಿದ್ದಿಸುವ ಹೊಣೆ ಓದು ಬಲ್ಲವರದು. ಹದಿನೆಂಟು ತುಂಬಿದ ಹಳೆಯ ವಿದ್ಯಾರ್ಥಿಗಳು ನಮೂನೆ 6ನ್ನು ತುಂಬಿ ಪಟ್ಟಿ ಸೇರಬೇಕು. ಅಕ್ಷರ ತಪ್ಪಿದ್ದಲ್ಲಿ ನಮೂನೆ 8ರ ಮೂಲಕ ತಿದ್ದಿಸಬೇಕು. ಕನ್ನಡದಲ್ಲಿ ಸೂಚನೆ ಇಲ್ಲದಲ್ಲಿ ವಿನಯದಿಂದ, ಲಿಖಿತವಾಗಿ, ಬಿಡದೆ ಕೇಳಬೇಕು. 2016ರ ವಿಧಾನಸಭಾ ಚುನಾವಣೆಯಲ್ಲಿ ಮಂಜೇಶ್ವರ ಕ್ಷೇತ್ರದ ಫಲಿತಾಂಶ ನಿರ್ಣಯವಾದುದು 89 ಮತಗಳ ಅಂತರದಿಂದ. ಒಂದು ತರಗತಿಯ ಎರಡು ವಿಭಾಗಗಳಲ್ಲಿ ಕುಳಿತುಕೊಳ್ಳುವಷ್ಟು ಜನ.

ಜಾನ್ಸ್ ಐಲೆಂಡಿನ ಅಂಗಡಿಯ ಹಿಂದಿನ ಕೋಣೆಯಲ್ಲಿ 14 ಮಂದಿ ತಮ್ಮ ಹೆಸರು ಬರೆಯಲು ಕಲಿತುದು ಪಟ್ಟಿಯಲ್ಲಿ ಆ ಹೆಸರನ್ನು ಬರೆಸಲಿಕ್ಕಾಗಿ. ನಮ್ಮ ಶಾಲೆಯ ಎರಡನೆಯ ಶತಮಾನದಲ್ಲಿ ಇಲ್ಲಿ ಅಕ್ಷರ ತಿದ್ದುವ ಪ್ರತಿ ಮಗುವೂ ಮುಂದೊಂದು ದಿನ ಮತದಾರರ ಪಟ್ಟಿಯಲ್ಲಿ ತನ್ನ ಹೆಸರನ್ನು ಕನ್ನಡದಲ್ಲಿ, ತಪ್ಪಿಲ್ಲದೆ ಓದುವಂತಾಗಲಿ.